ಗಾಣಗಿತ್ತಿ ಬಸದಿಯಿಂದ ಬಳ್ಳಾರಿಯ ಕೋಶದವರೆಗೆ : ಕನ್ನಡ–ಇಂಗ್ಲಿಷ್ ನಿಘಂಟುಗಳ ಪೂರ್ವಪೀಠಿಕೆ

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಬದಿಯಲ್ಲಿ ಒಂದು ಪ್ರಾಚೀನ ಜಿನಾಲಯವಿದೆ. ಸುತ್ತಮುತ್ತಲ ಜನರು ಅದನ್ನು ಗಾಣಗಿತ್ತಿ ಗುಡಿ ಎಂದು ಕರೆಯುತ್ತಾರೆ. ಅದರ ಮುಂದೆ ನಿಂತಿರುವ ಎತ್ತರವಾದ ಕಂಬದ ಮೇಲೆ ಶಕವರ್ಷ ೧೩೦೭ರ, ಎಂದರೆ ಕ್ರಿ.ಶ. ೧೩೮೫–೮೬ರ ಸಂಸ್ಕೃತ ಶಾಸನವೊಂದಿದೆ. ವಿಜಯನಗರದ ಎರಡನೆಯ ಹರಿಹರನ ದಂಡನಾಯಕನೂ ಸಿಂಹನಂದಿ ಆಚಾರ್ಯರ ಶಿಷ್ಯನೂ ಆದ ಇರುಗಪ್ಪನು ಕುಂಥುಜಿನನಾಥನಿಗೆ ಈ ಶಿಲಾಮಯ ಚೈತ್ಯಾಲಯವನ್ನು ಕಟ್ಟಿಸಿದನೆಂದು ಅದರಿಂದ ತಿಳಿದುಬರುತ್ತದೆ. ಹದಿನೇಳನೆಯ ತೀರ್ಥಂಕರನ ಹೆಸರು ಜನರ ಬಾಯಿಂದ ಮರೆಯಾಗಿ, ಎಣ್ಣೆಯ ಗಾಣದವಳ ಹೆಸರು ಅಲ್ಲಿ ಉಳಿಯಿತು. ಗಾಣ, ಗಾಣಿಗ, ಗಾಣಗಿತ್ತಿ ಎಂಬ ಪದಗಳ ಅರ್ಥವನ್ನು ಯಾವ ನಿಘಂಟಿನಲ್ಲಿಯಾದರೂ ನೋಡಿ ತಿಳಿಯಬಹುದು. ಒಕ್ಕಲಗಿತ್ತಿ, ಹೂವಾಡಗಿತ್ತಿ ಎಂಬಲ್ಲಿರುವ ಸ್ತ್ರೀವಾಚಕ ಪ್ರತ್ಯಯವೇ ಇಲ್ಲಿಯೂ ಇದೆ. ಆದರೆ ಆ ಹೆಸರು ಆ ಗುಡಿಗೆ ಹೇಗೆ ಬಂದಿತೆಂಬುದನ್ನು ನಿಘಂಟು ಹೇಳಲಾರದು.

ಈ ಬಸದಿಯನ್ನು ಕಟ್ಟಿಸಿದ ದಂಡನಾಯಕನು ಸ್ವತಃ ಒಂದು ನಿಘಂಟಿನ ಕರ್ತೃವಾಗಿದ್ದನೆಂಬ ಸಂಗತಿ ಹಂಪೆಯನ್ನು ನೋಡಲು ಬರುವವರಲ್ಲಿ ಬಹುಮಂದಿಗೆ ತಿಳಿದಿರುವುದಿಲ್ಲ. ಇಲ್ಲಿಂದ ಸುಮಾರು ಅರುವತ್ತು ಕಿಲೋಮೀಟರು ದೂರದ ಬಳ್ಳಾರಿಯಲ್ಲಿ, ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಕನ್ನಡ ಮತ್ತು ಇಂಗ್ಲಿಷ್ ಭಾಷೆಗಳ ನಡುವೆ ಮೊದಲ ದೊಡ್ಡ ಕೋಶದ ಕೆಲಸ ನಡೆಯಿತು. ಈ ಎರಡು ಕಾರ್ಯಗಳ ನಡುವೆ ಇರುವ ಸಂಬಂಧವನ್ನೂ ವ್ಯತ್ಯಾಸವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹಸ್ತಪ್ರತಿಗಳ ಸಂಗ್ರಹ ಮತ್ತು ಸೂಚೀರಚನೆಯಲ್ಲಿ ತೊಡಗಿದವರಿಗೆ ಇದರಿಂದ ಒದಗುವ ಒಂದು ಎಚ್ಚರಿಕೆಯನ್ನು ಕೊನೆಯಲ್ಲಿ ಅರಿಕೆಮಾಡಿಕೊಳ್ಳುತ್ತೇನೆ.

೧. ಜೈನ ವಿದ್ವಾಂಸರ ಕೋಶಪರಂಪರೆ

ಇರುಗಪ್ಪ ದಂಡನಾಥನ ಕೃತಿಯ ಹೆಸರು ‘ನಾನಾರ್ಥರತ್ನಮಾಲಾ’. ಇದು ಸಂಸ್ಕೃತದಲ್ಲಿರುವ ಅನೇಕಾರ್ಥಕೋಶ. ಒಂದೇ ಪದಕ್ಕೆ ಇರುವ ಹಲವು ಅರ್ಥಗಳನ್ನು ಇದು ಹೇಳುತ್ತದೆ. ಪದಗಳನ್ನು ಅಕ್ಷರಸಂಖ್ಯೆಗೆ ಅನುಗುಣವಾಗಿ, ಏಕಾಕ್ಷರ, ದ್ವ್ಯಕ್ಷರ, ತ್ರ್ಯಕ್ಷರ ಎಂಬ ಕ್ರಮದಲ್ಲಿ ಕಾಂಡಗಳಾಗಿ ವಿಂಗಡಿಸಲಾಗಿದೆ. ಪುಣೆಯ ಡೆಕ್ಕನ್ ಕಾಲೇಜಿನವರು ಇದನ್ನು ೧೯೫೪ರಲ್ಲಿ ಪರಿಷ್ಕರಿಸಿ ಅಚ್ಚುಹಾಕಿಸಿದರು. ಸೇನೆಯನ್ನು ನಡೆಸಿದ, ಹಂಪೆಯಲ್ಲಿ ಬಸದಿಯನ್ನೂ ಜಿನಕಂಚಿಯ ತಿರುಪ್ಪರುತ್ತಿಕುನ್ರದಲ್ಲಿ ಮಂಟಪವನ್ನೂ ಕಟ್ಟಿಸಿದ ಒಬ್ಬ ಅಧಿಕಾರಿಯು ಶಬ್ದಾರ್ಥಗಳ ಸೂಕ್ಷ್ಮದಲ್ಲಿಯೂ ಮನಸ್ಸನ್ನು ತೊಡಗಿಸಿದ್ದನೆಂಬುದು ಆ ಕಾಲದ ವಿದ್ಯಾಭ್ಯಾಸದ ಸ್ವರೂಪವನ್ನು ತಿಳಿಸುತ್ತದೆ.

ಇದು ಒಬ್ಬ ವ್ಯಕ್ತಿಯ ವೈಶಿಷ್ಟ್ಯವಲ್ಲ. ಜೈನ ಪಾಠಶಾಲೆಗಳಲ್ಲಿ ಕೋಶವು ಕಾವ್ಯಕ್ಕಿಂತ ಮೊದಲು ಬರುತ್ತಿತ್ತು. ಈ ಲೇಖಕನಂತಹವರು ಬಾಲ್ಯದಲ್ಲಿ ಅಕ್ಷರ ಕೂಡಿಸಲು ಕಲಿತೊಡನೆ ಧನಂಜಯನ ‘ನಾಮಮಾಲೆ’ಯನ್ನು ಅರ್ಥ ತಿಳಿಯುವ ಮೊದಲೇ ಕಂಠಪಾಠ ಮಾಡಿದವರು. ಗುಜರಾತಿನಲ್ಲಿ ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರು ‘ಅಭಿಧಾನಚಿಂತಾಮಣಿ’ಯನ್ನು ರಚಿಸಿದರು. ಕನ್ನಡ ನಾಡಿನಲ್ಲಿ ಇದೇ ಪರಂಪರೆ ಮತ್ತೊಂದು ದಾರಿಯನ್ನು ಹಿಡಿಯಿತು. ಇಲ್ಲಿಯ ವಿದ್ವಾಂಸರು ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದರು. ಹಳಗನ್ನಡ ಪದಗಳಿಗೂ ಅರ್ಥ ಬರೆದರು.

ಕನ್ನಡದಲ್ಲಿ ದೊರೆತಿರುವ ನಿಘಂಟುಗಳಲ್ಲಿ ಅತ್ಯಂತ ಹಳೆಯದು ‘ರನ್ನಕಂದ’. ಹತ್ತನೆಯ ಶತಮಾನದ ಅಂತ್ಯದಲ್ಲಿದ್ದ ಕವಿ ರನ್ನನ ಹೆಸರಿನಲ್ಲಿರುವ ಈ ಕೃತಿಯ ಕೆಲವೇ ಕಂದಪದ್ಯಗಳು ಉಳಿದಿವೆ. ಅನಂತರ ಬಂದ ನಾಗವರ್ಮನು ‘ಅಭಿಧಾನವಸ್ತುಕೋಶ’ವನ್ನು ರಚಿಸಿ ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥವನ್ನು ಹೇಳಿದನು. ಹಲಾಯುಧನ ‘ಅಭಿಧಾನರತ್ನಮಾಲಾ’ ಎಂಬ ಸಂಸ್ಕೃತ ಕೋಶಕ್ಕೆ ಕನ್ನಡ ಟೀಕೆಯೂ ನಾಗವರ್ಮನ ಹೆಸರಿನಲ್ಲಿದೆ. ಸುಮಾರು ೧೨೬೦ರಲ್ಲಿ ಕೇಶಿರಾಜನು ಬರೆದ ‘ಶಬ್ದಮಣಿದರ್ಪಣ’ವು ವ್ಯಾಕರಣವೇ ಆದರೂ ಅದರ ಧಾತುಪಾಠವನ್ನೂ ಪ್ರಯೋಗಸಾರವನ್ನೂ ನೋಡಿದರೆ ಅದರೊಳಗೆ ಒಂದು ಪದಕೋಶವೂ ಅಡಗಿರುವುದು ಕಾಣುತ್ತದೆ. ಹಂಪೆಯ ಬಸದಿಯ ಕಂಬ ನಿಂತು ಹನ್ನೆರಡು ಹದಿಮೂರು ವರ್ಷಗಳಾದ ಮೇಲೆ, ೧೩೯೮ರಲ್ಲಿ, ಅಭಿನವ ಮಂಗರಾಜನು ‘ಅಭಿನವಾಭಿಧಾನ’ವನ್ನು ಮುಗಿಸಿದನು. ಮಂಗರಾಜ ನಿಘಂಟು ಎಂದು ಪ್ರಸಿದ್ಧವಾಗಿರುವುದು ಇದೇ. ಸುಮಾರು ೧೬೦೦ರ ಹೊತ್ತಿಗೆ ದೇವೋತ್ತಮನು ‘ನಾನಾರ್ಥರತ್ನಾಕರ’ವನ್ನು ಬರೆದನು. ಇವರೆಲ್ಲರೂ ಜೈನರು. ಜೈನೇತರರ ಕಾರ್ಯವೂ ಕಡಿಮೆಯದಲ್ಲ. ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’ಯು ಹಳಗನ್ನಡ ಪದಗಳಿಗೆ ತನ್ನ ಕಾಲದ ಕನ್ನಡದಲ್ಲಿ ಅರ್ಥವನ್ನು ಹೇಳುತ್ತದೆ. ಹಳೆಯ ಪದಗಳು ಆ ವೇಳೆಗಾಗಲೇ ಓದುಗರಿಗೆ ದೂರವಾಗುತ್ತಿದ್ದವೆಂಬುದಕ್ಕೆ ಆ ಕೃತಿಯೇ ಸಾಕ್ಷಿ.

ಭಾಷೆಯಿಂದ ಭಾಷೆಗೆ ಪದವನ್ನು ಮಾರ್ಪಡಿಸುವ ಅಭ್ಯಾಸ ವಿಜಯನಗರದ ಶಾಸನಗಳಲ್ಲಿಯೂ ಕಾಣುತ್ತದೆ. ೧೪೨೬ರಲ್ಲಿ ಎರಡನೆಯ ದೇವರಾಯನು ಹಂಪೆಯಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದನು. ಅದು ಇದ್ದುದು ಪಾನಸುಪಾರಿ ಬಜಾರಿನಲ್ಲಿ. ಶಾಸನಕಾರನು ಆ ಆಡುಮಾತಿನ ಹೆಸರನ್ನು ಹಾಗೆಯೇ ಬರೆಯದೆ, ಎಲೆ, ಅಡಕೆ, ಅಂಗಡಿ ಎಂಬ ಅರ್ಥದ ಸಂಸ್ಕೃತ ಪದಗಳನ್ನು ಸಮಾಸಮಾಡಿ ಹೇಳಿದ್ದಾನೆ. ಕೋಶವನ್ನು ಬಾಯಿಪಾಠ ಮಾಡಿದವನಿಗೆ ಮಾತ್ರ ಇದು ಸುಲಭಸಾಧ್ಯವಾದ ಕೆಲಸ.

೨. ಪದ್ಯಕೋಶದ ವಿಧಾನ

ನಮ್ಮ ಪ್ರಾಚೀನ ನಿಘಂಟುಗಳಿಗೂ ಇಂದಿನ ನಿಘಂಟುಗಳಿಗೂ ಇರುವ ಮುಖ್ಯ ಭೇದವನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಹಳೆಯ ಕೋಶವು ಪದ್ಯರೂಪದಲ್ಲಿರುತ್ತದೆ. ಅಕಾರಾದಿ ಕ್ರಮ ಅದಕ್ಕಿಲ್ಲ. ಅಮರಸಿಂಹನು ಹಾಕಿಕೊಟ್ಟ ವರ್ಗಗಳ ಮಾರ್ಗದಲ್ಲಿ ಸ್ವರ್ಗ, ಭೂಮಿ, ಪುರ, ಶೈಲ, ವನೌಷಧಿ, ಸಿಂಹಾದಿ, ಮನುಷ್ಯ ಎಂದು ವಿಷಯಾನುಸಾರವಾಗಿ ಅದು ನಡೆಯುತ್ತದೆ. ಒಂದು ವಸ್ತುವಿಗಿರುವ ಹೆಸರುಗಳೆಲ್ಲವೂ ಒಂದೆಡೆ ಸೇರಿರುತ್ತವೆ. ಪುಸ್ತಕವನ್ನು ತೆರೆದು ಪದವನ್ನು ಹುಡುಕುವವನಿಗಾಗಿ ಇದು ರಚಿತವಾದುದಲ್ಲ. ಇಡೀ ಕೋಶವನ್ನು ನಾಲಗೆಯ ಮೇಲೆ ಇರಿಸಿಕೊಂಡವನಿಗಾಗಿ ರಚಿತವಾದುದು. ಓಲೆಗರಿಯ ಕಾಲದಲ್ಲಿ ಇದಕ್ಕೆ ತಕ್ಕ ಕಾರಣವೂ ಇತ್ತು. ಗರಿಯ ಕಟ್ಟನ್ನು ಬಿಚ್ಚಿ, ಪುಟಸಂಖ್ಯೆಯನ್ನು ಹುಡುಕಿ, ಮಸಿ ಮಾಸಿದ ಗೆರೆಗಳಲ್ಲಿ ಒಂದು ಪದವನ್ನು ಕಾಣುವುದು ಪ್ರಯಾಸದ ಕೆಲಸ. ಛಂದಸ್ಸಿನಲ್ಲಿ ಬಂಧಿತವಾದ ಪದವು ನೆನಪಿನಿಂದ ಜಾರುವುದಿಲ್ಲ. ಲಿಪಿಕಾರನು ಅಕ್ಷರವೊಂದನ್ನು ಬಿಟ್ಟರೆ ಮಾತ್ರೆ ತಪ್ಪಿ ಅವನ ದೋಷವೂ ಹೊರಬೀಳುತ್ತದೆ.

ಮೂಲಪದ್ಯಕ್ಕಿಂತ ಅದರ ಕೆಳಗೆ ಬರೆದಿರುವ ಕನ್ನಡ ಟೀಕೆಯು ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟದ್ದು. ಅಮರಕೋಶದ ಪ್ರತಿಗಳು ಕನ್ನಡ ನಾಡಿನ ಮಠ, ಬಸದಿ, ಮನೆಗಳಲ್ಲಿ ಹೇರಳವಾಗಿವೆ. ಅವುಗಳಲ್ಲಿ ಬಹುಪಾಲು ಸಟೀಕವಾದವು. ಪಲಾಶಕ್ಕೆ ಮುತ್ತುಗ, ಶಮಿಗೆ ಬನ್ನಿ, ನಿಂಬಕ್ಕೆ ಬೇವು, ಅರ್ಕಕ್ಕೆ ಎಕ್ಕ, ಮಧೂಕಕ್ಕೆ ಇಪ್ಪೆ ಎಂದು ಟೀಕಾಕಾರನು ಬರೆದುಕೊಂಡು ಹೋಗುತ್ತಾನೆ. ಇದು ದ್ವಿಭಾಷಾಕೋಶವಲ್ಲದೆ ಮತ್ತೇನು? ಮೂಲವು ಎಲ್ಲೆಡೆ ಒಂದೇ ಆಗಿದ್ದರೂ ಟೀಕೆಯು ಊರಿಂದೂರಿಗೆ ಬದಲಾಗುತ್ತದೆ. ಮುತ್ತುಗ ಎನ್ನುವ ಕಡೆ ಮುತ್ತುಗವೆಂದೂ ಮುತ್ತಲ ಎನ್ನುವ ಕಡೆ ಮುತ್ತಲವೆಂದೂ ಬರೆಯುವುದು ಸಹಜ. ಟೀಕೆ ಬರೆದವನು ಅಥವಾ ನಕಲುಮಾಡಿದವನು ತನ್ನ ಊರಿನ ಶಿಷ್ಯರಿಗೆ ತಿಳಿಯುವ ಪದವನ್ನೇ ಬರೆಯಬೇಕಾಗಿತ್ತು. ಈ ಕಾರಣದಿಂದ ಒಂದೊಂದು ಸಟೀಕ ಪ್ರತಿಯೂ ಆಯಾ ಪ್ರದೇಶದ ಕನ್ನಡದ ಒಂದು ದಾಖಲೆಯಾಗಿದೆ.

೩. ಬಳ್ಳಾರಿಯಲ್ಲಿ ನಡೆದ ಕೆಲಸ

೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಮೊದಲಾದ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ದತ್ತಮಂಡಲಗಳೆಂದು ಕರೆಯುವ ಈ ಪ್ರದೇಶಕ್ಕೆ ಥಾಮಸ್ ಮನ್ರೋ ಅವರು ಪ್ರಧಾನ ಕಲೆಕ್ಟರರಾಗಿ ಬಂದರು. ಕಂದಾಯದ ಲೆಕ್ಕ, ನ್ಯಾಯದ ವಿಚಾರಣೆ, ರೈತರ ಅರ್ಜಿ ಇವೆಲ್ಲವೂ ಕನ್ನಡ ಅಥವಾ ತೆಲುಗಿನಲ್ಲಿ ನಡೆಯುತ್ತಿದ್ದುದರಿಂದ ಆಂಗ್ಲ ಅಧಿಕಾರಿಗಳಿಗೆ ಈ ಭಾಷೆಗಳನ್ನು ಕಲಿಯುವುದು ಅನಿವಾರ್ಯವಾಯಿತು. ಅವರ ಭಾಷಾಶಿಕ್ಷಣಕ್ಕಾಗಿ ೧೮೧೨ರಲ್ಲಿ ಮದರಾಸಿನಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಸ್ಥಾಪಿತವಾಯಿತು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ೧೮೧೭ರಲ್ಲಿ ಶ್ರೀರಾಮಪುರದಲ್ಲಿಯೂ, ಮ್ಯಾಕೆರೆಲ್ ಅವರ ವ್ಯಾಕರಣವು ೧೮೨೦ರಲ್ಲಿ ಮದರಾಸಿನಲ್ಲಿಯೂ ಹೊರಬಂದವು. ತೆಲುಗಿಗೆ ಕ್ಯಾಂಪ್‌ಬೆಲ್ ಅವರ ಕೋಶವು ೧೮೨೧ರಲ್ಲಿ ಪ್ರಕಟವಾಯಿತು. ಕನ್ನಡಕ್ಕೆ ಮಾತ್ರ ಕೋಶವಿರಲಿಲ್ಲ.

ಈ ಕೊರತೆಯನ್ನು ನೀಗಿಸಿದವರು ವಿಲಿಯಂ ರೀವ್. ಲಂಡನ್ ಮಿಷನರಿ ಸಂಘದ ಜಾನ್ ಹ್ಯಾಂಡ್ಸ್ ಅವರು ೧೮೧೦ರಲ್ಲಿ ಬಳ್ಳಾರಿಯಲ್ಲಿ ನೆಲಸಿ ಬೈಬಲಿನ ಕನ್ನಡ ಅನುವಾದಕ್ಕೆ ತೊಡಗಿದ್ದರು. ಕೆಲವು ವರ್ಷಗಳ ತರುವಾಯ ಅದೇ ಸಂಘದ ರೀವ್ ಅವರು ಅಲ್ಲಿಗೆ ಬಂದು ಸೇರಿದರು. ಅವರ ಇಂಗ್ಲಿಷ್–ಕನ್ನಡ ಕೋಶವು ೧೮೨೪ರಲ್ಲಿಯೂ ಕನ್ನಡ–ಇಂಗ್ಲಿಷ್ ಕೋಶವು ೧೮೩೨ರಲ್ಲಿಯೂ ಮದರಾಸಿನಲ್ಲಿ ಮುದ್ರಿತವಾದವು. ಮೊದಲು ಇಂಗ್ಲಿಷಿನಿಂದ ಕನ್ನಡಕ್ಕೆ, ಆಮೇಲೆ ಕನ್ನಡದಿಂದ ಇಂಗ್ಲಿಷಿಗೆ ಎಂಬ ಈ ಕ್ರಮವು ಗಮನಾರ್ಹವಾಗಿದೆ. ಹೊರಗಿನಿಂದ ಬಂದವನಿಗೆ ಮೊದಲು ಬೇಕಾಗುವುದು ತನ್ನ ಮಾತನ್ನು ಜನರಿಗೆ ತಿಳಿಸುವ ಪದ. ಜನರ ಮಾತನ್ನೂ ಅವರ ಗ್ರಂಥಗಳನ್ನೂ ತಿಳಿಯುವ ಅಪೇಕ್ಷೆ ಅದರ ಮುಂದಿನ ಮೆಟ್ಟಿಲು.

ರೀವ್ ಅವರ ಕೋಶವನ್ನು ವೆಸ್ಲಿಯನ್ ಮಿಷನಿನ ಡೇನಿಯಲ್ ಸ್ಯಾಂಡರ್ಸನ್ ಅವರು ಪರಿಷ್ಕರಿಸಿ, ಹೆಚ್ಚಿಸಿ ೧೮೫೮ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದರು. ೧೮೭೬ರಲ್ಲಿ ಝೀಗ್ಲರ್ ಅವರ ಶಾಲಾನಿಘಂಟು ಮಂಗಳೂರಿನಿಂದ ಬಂದಿತು. ೧೮೯೪ರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಅವರ ಮಹಾಕೋಶವು ಅದೇ ಊರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಿದ್ದಿತು.

ಈ ಕೋಶಗಳ ಮುಖಪುಟಗಳಲ್ಲಿ ಸಾಮಾನ್ಯವಾಗಿ ಒಬ್ಬರ ಹೆಸರಿರುತ್ತದೆ, ಇಲ್ಲವೇ ಪರಿಷ್ಕರಿಸಿದವರದೂ ಸೇರಿ ಇಬ್ಬರ ಹೆಸರಿರುತ್ತದೆ. ಪಕ್ಕದಲ್ಲಿ ಕುಳಿತು ಪದಪದಕ್ಕೂ ಅರ್ಥ ಹೇಳಿದ ಪಂಡಿತರ, ಮುನ್ಷಿಗಳ ಹೆಸರುಗಳು ಅಲ್ಲಿಲ್ಲ. ಪರದೇಶದಿಂದ ಬಂದವರೊಬ್ಬರು ಸ್ಥಳೀಯ ವಿದ್ವಾಂಸರ ನೆರವಿಲ್ಲದೆ ಇಂತಹ ಕೆಲಸವನ್ನು ನೆರವೇರಿಸಲಾರರು. ಅದೇ ಕಾಲದಲ್ಲಿ ಕರ್ನಲ್ ಮೆಕೆಂಝಿಯವರ ಸಂಗ್ರಹಕಾರ್ಯಕ್ಕೆ ಮಲೆಯೂರಿನ ಜೈನ ವಿದ್ವಾಂಸರು ನೆರವಾದುದು ತಿಳಿದ ವಿಷಯವೇ ಆಗಿದೆ. ‘ರಾಜಾವಳಿ ಕಥೆ’ಯನ್ನು ಬರೆದ ದೇವಚಂದ್ರನು ಅವರಲ್ಲೊಬ್ಬನು. ಬಳ್ಳಾರಿಯ ಕೋಶಕ್ಕೆ ಪದಗಳನ್ನು ಹೇಳಿದವರಿಗೆ ಆ ಮಟ್ಟಿನ ಕೀರ್ತಿಯೂ ಲಭಿಸಲಿಲ್ಲ. ಪದಕ್ಕೆ ಪರ್ಯಾಯವನ್ನು ಥಟ್ಟನೆ ಹೇಳಬಲ್ಲ ಶಕ್ತಿ ಅಂದಿನ ಪಂಡಿತರಿಗೆ ಬಂದುದು ಬಾಲ್ಯದಲ್ಲಿ ಕಲಿತ ಪದ್ಯಕೋಶಗಳಿಂದ ಎಂಬುದರಲ್ಲಿ ಸಂಶಯವಿಲ್ಲ. ಅಚ್ಚಾದ ಕೋಶಕ್ಕೆ ಅಚ್ಚಾಗದ ಕೋಶವು ಈ ರೀತಿಯಲ್ಲಿ ಆಧಾರವಾಯಿತು.

೪. ಇತರ ದೇಶದ ಒಂದು ಉದಾಹರಣೆ

ಎರಡು ಭಾಷೆಗಳ ಕೋಶಗಳು ರಾಜಕಾರಣ, ವ್ಯಾಪಾರ, ಯುದ್ಧಗಳ ಒತ್ತಡದಲ್ಲಿ ಹುಟ್ಟುವುದು ನಮ್ಮಲ್ಲಿ ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ಸ್ಪ್ಯಾನಿಷ್ ಭಾಷೆಗೆ ಕೋಶ ಬಂದ ಬಗೆಯನ್ನು ಹೋಲಿಕೆಗಾಗಿ ನೋಡಬಹುದು. ೧೫೮೮ರಲ್ಲಿ ಸ್ಪೇನಿನ ದೊಡ್ಡ ನೌಕಾಪಡೆಯು ಇಂಗ್ಲೆಂಡಿನ ಮೇಲೆ ಬಂದು ಸೋತಿತು. ಮೂರು ವರ್ಷಗಳ ಮೇಲೆ, ೧೫೯೧ರಲ್ಲಿ, ರಿಚರ್ಡ್ ಪರ್ಸಿವಲ್ ಎಂಬವರು ಸ್ಪ್ಯಾನಿಷ್ ವ್ಯಾಕರಣದೊಂದಿಗೆ ಸ್ಪ್ಯಾನಿಷ್ ಪದಗಳಿಗೆ ಇಂಗ್ಲಿಷ್ ಮತ್ತು ಲ್ಯಾಟಿನ್ ಅರ್ಥಗಳನ್ನು ಕೊಡುವ ಕೋಶವನ್ನು ಪ್ರಕಟಿಸಿದರು. ಆ ಯುದ್ಧದಲ್ಲಿ ಸೆರೆಸಿಕ್ಕಿದ್ದ ಸ್ಪೇನಿನ ಗಣ್ಯರಿಂದ ಅವರು ಪದಗಳ ವಿಷಯದಲ್ಲಿ ನೆರವನ್ನು ಪಡೆದರು. ಥಾಮಸ್ ಡಾಯ್ಲಿ ಎಂಬ ವೈದ್ಯರು ತಾವೇ ಒಂದು ಕೋಶಕ್ಕಾಗಿ ಕೂಡಿಸಿದ್ದ ಸಾಮಗ್ರಿಯನ್ನು ಪರ್ಸಿವಲ್ ಅವರಿಗೆ ಒಪ್ಪಿಸಿದರು. ೧೫೯೯ರಲ್ಲಿ ಜಾನ್ ಮಿನ್ಷೂ ಎಂಬ ಭಾಷಾಶಿಕ್ಷಕರು ಈ ಕೋಶವನ್ನು ಬಹಳವಾಗಿ ವಿಸ್ತರಿಸಿದರು. ಪರ್ಸಿವಲ್ ಅವರ ಮೇಲೆ ಮಿನ್ಷೂ, ರೀವ್ ಅವರ ಮೇಲೆ ಸ್ಯಾಂಡರ್ಸನ್. ಕೋಶವು ಒಬ್ಬರ ಆಯುಷ್ಯದಲ್ಲಿ ಮುಗಿಯುವ ಕೃತಿಯಲ್ಲವೆಂಬುದನ್ನು ಎರಡು ಕಡೆಯ ಇತಿಹಾಸವೂ ತೋರಿಸುತ್ತದೆ. ಹಿಂದಿನವನ ಸಂಗ್ರಹವನ್ನು ಮುಂದಿನವನು ತೆಗೆದುಕೊಂಡು ಬೆಳೆಸುತ್ತಾನೆ. ನಾಗವರ್ಮನಿಂದ ಮಂಗರಾಜನವರೆಗೆ ನಮ್ಮಲ್ಲಿ ನಡೆದುದೂ ಅದೇ.

೫. ಅಕಾರಾದಿಯ ಗುಣದೋಷಗಳು ಮತ್ತು ಕಿಟ್ಟೆಲ್ ಅವರ ಪರಿಹಾರ

ವರ್ಗಕ್ರಮವನ್ನು ಬಿಟ್ಟು ಅಕಾರಾದಿ ಕ್ರಮವನ್ನು ಹಿಡಿದ ಕೂಡಲೇ ಕೋಶಕಾರರಿಗೆ ಹೊಸ ತೊಡಕುಗಳು ಎದುರಾದವು. ‘ಹರಿ’ ಎಂಬ ಪದವನ್ನು ತೆಗೆದುಕೊಳ್ಳೋಣ. ಸಂಸ್ಕೃತದಲ್ಲಿ ಇದಕ್ಕೆ ವಿಷ್ಣು, ಸಿಂಹ, ಕುದುರೆ, ಕಪಿ ಮುಂತಾದ ಅರ್ಥಗಳಿವೆ. ಇರುಗಪ್ಪನದರಂತಹ ನಾನಾರ್ಥಕೋಶಗಳಿಗೆ ಇವು ಪ್ರಿಯವಾದ ಪದಗಳು. ಕನ್ನಡದಲ್ಲಿ ನೀರು ಹರಿಯುತ್ತದೆ, ಹಾವು ಹರಿಯುತ್ತದೆ, ಬಟ್ಟೆಯೂ ಹರಿಯುತ್ತದೆ. ಹಾಗೆಯೇ ‘ಊರು’ ಸಂಸ್ಕೃತದಲ್ಲಿ ತೊಡೆ, ಕನ್ನಡದಲ್ಲಿ ಗ್ರಾಮ. ಪದ್ಯಕೋಶದಲ್ಲಿ ತೊಡೆಯು ಮನುಷ್ಯವರ್ಗದಲ್ಲಿ ಬರುವುದರಿಂದ ಗೊಂದಲಕ್ಕೆ ಎಡೆಯಿಲ್ಲ. ಅಕಾರಾದಿ ಕೋಶದಲ್ಲಿ ಎರಡೂ ಒಂದೇ ಅಕ್ಷರಪಂಕ್ತಿಯಲ್ಲಿ ಬಂದು ನಿಲ್ಲುತ್ತವೆ. ಇದು ಸಂಸ್ಕೃತದಿಂದ ಬಂದುದು, ಇದು ದೇಶ್ಯ, ಇದು ತದ್ಭವ ಎಂದು ಕೋಶಕಾರನು ಬೇರ್ಪಡಿಸಿ ಹೇಳಲೇಬೇಕಾಗುತ್ತದೆ.

ಇನ್ನೊಂದು ತೊಡಕು ಲುಪ್ತವಾದ ಅಕ್ಷರಗಳದು. ಹಳಗನ್ನಡದಲ್ಲಿ ಬದುಕು ಎಂಬ ಅರ್ಥದ ‘ಬಾೞ್’ ಬೇರೆ, ಕತ್ತಿ ಎಂಬ ಅರ್ಥದ ‘ಬಾಳ್’ ಬೇರೆ. ೞಕಾರವು ಬಳಕೆಯಿಂದ ತಪ್ಪಿದ ಮೇಲೆ ಎರಡೂ ಒಂದೇ ಬರವಣಿಗೆಗೆ ಬಂದವು. ತಡವಾದ ಕಾಲದ ಓಲೆಗಳಲ್ಲಿ ಲಿಪಿಕಾರರು ೞಕಾರವಿದ್ದೆಡೆಯಲ್ಲಿ ಳಕಾರವನ್ನು ಬರೆದಿರುವುದು ನಮಗೆಲ್ಲ ಪರಿಚಿತವಾದ ದೋಷ. ಇಂತಹ ಪ್ರತಿಯೊಂದನ್ನೇ ನಂಬಿದ ಕೋಶಕಾರನು ಬಾಳಿಗೂ ಬಾಳಿಗೂ ನಂಟನ್ನು ಕಲ್ಪಿಸುವ ಅಪಾಯವಿದೆ.

ಈ ಎರಡು ತೊಡಕುಗಳನ್ನೂ ಶಾಸ್ತ್ರೀಯವಾಗಿ ಎದುರಿಸಿದವರು ಕಿಟ್ಟೆಲ್. ರೀವ್ ಅವರ ಕನ್ನಡ–ಇಂಗ್ಲಿಷ್ ಕೋಶವು ಅಚ್ಚಾದ ೧೮೩೨ರಲ್ಲಿಯೇ ಜರ್ಮನಿಯಲ್ಲಿ ಹುಟ್ಟಿದ ಅವರು ೧೮೫೩ರಲ್ಲಿ ಭಾರತಕ್ಕೆ ಬಂದರು. ಕೋಶಕ್ಕೆ ಕೈಹಾಕುವ ಮೊದಲು ಅವರು ಹಿಡಿದ ದಾರಿ ಗಮನಿಸತಕ್ಕದ್ದು. ೧೮೭೨ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಹಸ್ತಪ್ರತಿಗಳಿಂದ ಪರಿಷ್ಕರಿಸಿ ಪ್ರಕಟಿಸಿದರು. ಮೊದಲು ಗ್ರಂಥಸಂಪಾದನೆ, ಅನಂತರ ಕೋಶರಚನೆ. ೞಕಾರ, ಱಕಾರಗಳುಳ್ಳ ಪದಗಳನ್ನು ಕೇಶಿರಾಜನು ಎಣಿಸಿ ಹೇಳಿದ್ದುದು ಅವರಿಗೆ ದಾರಿದೀಪವಾಯಿತು. ಹಲಾಯುಧನ ಕೋಶದ ಕನ್ನಡ ಟೀಕೆಯೇ ಮೊದಲಾದ ಹಳೆಯ ನಿಘಂಟುಗಳಿಂದ ಅವರು ಪದಗಳನ್ನು ಆಯ್ದರು. ತಮಿಳು, ತೆಲುಗು, ಮಲಯಾಳ, ತುಳು ಪದಗಳೊಡನೆ ಹೋಲಿಸಿ ದೇಶ್ಯಗಳನ್ನು ನಿರ್ಧರಿಸಿದರು. ಗಾದೆಗಳನ್ನೂ ಆಡುಮಾತುಗಳನ್ನೂ ಸೇರಿಸಿದರು. ಸಾವಿರದ ಏಳುನೂರಕ್ಕೆ ಮೀರಿದ ಪುಟಗಳಲ್ಲಿ ಸುಮಾರು ೭೦,೦೦೦ ಪದಗಳುಳ್ಳ ಆ ಕೋಶವು ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಒಟ್ಟಿಗೆ ಹಿಡಿದಿಟ್ಟಿತು. ೧೮೯೬ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರೇಟ್ ಪದವಿಯನ್ನಿತ್ತು ಗೌರವಿಸಿತು. ೧೯೦೩ರಲ್ಲಿ ಅವರು ಅದೇ ಊರಿನಲ್ಲಿ ನಿಧನರಾದರು.

ಕಿಟ್ಟೆಲ್ ಅವರ ಕೋಶವನ್ನು ಹೊಗಳುವವರು ಅವರ ಪರಿಶ್ರಮವನ್ನು ಹೊಗಳುತ್ತಾರೆ. ಅದು ಯುಕ್ತವೇ. ಅದರ ಜೊತೆಗೆ, ಆ ಕೋಶದ ಹಳಗನ್ನಡ ಭಾಗವು ಉಳಿದುಬಂದ ಓಲೆಗರಿಗಳಿಂದ ಬಂದುದೆಂಬುದನ್ನೂ ನೆನೆಯಬೇಕು. ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆ ಸುತ್ತಿ ಪೂಜಿಸಿದ ಶ್ರಾವಕರು, ಪುಣ್ಯಾರ್ಥವಾಗಿ ಪ್ರತಿಮಾಡಿಸಿ ಶಾಸ್ತ್ರದಾನ ಕೊಟ್ಟ ಶ್ರಾವಿಕೆಯರು, ಬೆನ್ನು ಬಾಗಿಸಿ ಬರೆದ ಲಿಪಿಕಾರರು, ಇವರೆಲ್ಲರ ಪಾಲೂ ಅದರಲ್ಲಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟವು ೧೯೭೦ರಲ್ಲಿ ಪ್ರಕಟವಾಗಿ, ಎಂಟನೆಯದಾದ ಕೊನೆಯ ಸಂಪುಟವು ೧೯೯೫ರಲ್ಲಿ ಹೊರಬಂದಿತು. ಅದಕ್ಕೂ ಆಧಾರ ಶಾಸನಗಳು, ಕಾವ್ಯಗಳು, ಹಸ್ತಪ್ರತಿಗಳು.

೬. ಅಮರದ ಕಟ್ಟುಗಳ ಸ್ಥಿತಿ

ಈಗ ನಮ್ಮ ಕ್ಷೇತ್ರಕ್ಕೆ ಸಂಬಂಧಪಟ್ಟ ವಿಷಯಕ್ಕೆ ಬರುತ್ತೇನೆ. ನಮ್ಮ ಗ್ರಂಥಸೂಚಿಗಳನ್ನು ತಿರುವಿಹಾಕಿದರೆ ‘ಅಮರಕೋಶ, ಸಟೀಕ, ಅಪೂರ್ಣ’ ಎಂಬ ಮೂರು ಮಾತುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಟೀಕೆ ಯಾವ ಕಾಲದ್ದು, ಯಾವ ಊರಿನಲ್ಲಿ ಬರೆದುದು, ಅದರ ಕನ್ನಡದ ಸ್ವರೂಪವೆಂತಹುದು ಎಂಬ ವಿವರವಿರುವುದಿಲ್ಲ. ಕಾವ್ಯಗಳಿಗೆ ಸಲ್ಲುವ ಆದರದಲ್ಲಿ ನೂರರಲ್ಲೊಂದು ಪಾಲೂ ಇವಕ್ಕೆ ಸಲ್ಲುತ್ತಿಲ್ಲ. ‘ಅಮರವೇ? ಅದು ಎಲ್ಲ ಕಡೆಯೂ ಇದೆ’ ಎಂಬುದೊಂದು ರೂಢಿಯ ಮಾತಾಗಿದೆ.

ಈ ಮಾತನ್ನು ಆಡಿದವರಲ್ಲಿ ನಾನೂ ಒಬ್ಬನೆಂಬುದನ್ನು ಮರೆಮಾಚಲಾರೆ. ಇಪ್ಪತ್ತೈದು ವರ್ಷಗಳಿಗೂ ಹಿಂದೆ ಪ್ರತಿಸಂಗ್ರಹಕ್ಕಾಗಿ ಕಂಪ್ಲಿ, ಸಂಡೂರುಗಳ ಕಡೆ ತಿರುಗುತ್ತಿದ್ದಾಗ, ತುಂಗಭದ್ರೆಯ ದಂಡೆಯ ಒಂದು ಊರಿನ ಹಳೆಯ ಮನೆಯಲ್ಲಿ ಮೂರು ಓಲೆಕಟ್ಟುಗಳನ್ನು ತೋರಿಸಿದರು. ಎರಡನ್ನು ಬಿಚ್ಚಿ ನೋಡಿ ಬರೆದುಕೊಂಡೆ. ಮೂರನೆಯದು ಸಟೀಕವಾದ ಅಮರ, ಮೊದಲಿನ ಹಲವು ಗರಿಗಳಿರಲಿಲ್ಲ. ಹೊತ್ತು ಇಳಿದಿತ್ತು, ಹೊಸಪೇಟೆಯ ಬಸ್ಸು ತಪ್ಪುವಂತಿತ್ತು. ಮನೆಯ ಹಿರಿಯರು ‘ಇದರಲ್ಲಿ ದೇವರ ಕಥೆ ಏನಾದರೂ ಐತೇನ್ರಿ?’ ಎಂದು ಕೇಳಿದರು. ‘ಇಲ್ಲ, ಬರೀ ಪದಗಳು’ ಎಂದು ಹೇಳಿ ಎದ್ದುಬಂದೆ. ವನೌಷಧಿವರ್ಗದ ಒಂದೆರಡು ಗರಿಗಳ ಮೇಲೆ ಕಣ್ಣಾಡಿಸಿದಾಗ ನಾನು ಕೇಳಿರದ ಗಿಡದ ಹೆಸರುಗಳು ಟೀಕೆಯಲ್ಲಿದ್ದುದು ನೆನಪಿದೆ, ಹೆಸರುಗಳು ನೆನಪಿಲ್ಲ. ಕೆಲವು ವರ್ಷಗಳ ಮೇಲೆ ಮತ್ತೆ ಹೋದಾಗ ಹಿರಿಯರು ತೀರಿಕೊಂಡಿದ್ದರು. ಮನೆಯನ್ನು ಹೊಸದಾಗಿ ಕಟ್ಟಿಸಿದ್ದರು. ಎರಡು ಕಟ್ಟುಗಳನ್ನು ಜೋಪಾನವಾಗಿ ದೇವರ ಮನೆಯಲ್ಲಿ ಇಟ್ಟಿದ್ದರು. ಮೂರನೆಯದನ್ನು, ‘ನೀವೇ ಬರೀ ಪದ ಅಂದಿದ್ರಲ್ರಿ’ ಎಂದು ಹೇಳಿ, ಹಳೆಯ ತೊಲೆಗಳ ಸಂಗಡ ಹೊರಗೆ ಹಾಕಿದ್ದನ್ನು ತಿಳಿಸಿದರು. ಅವರದೇನೂ ತಪ್ಪಿಲ್ಲ. ವಿದ್ವಾಂಸನೆಂದು ನಂಬಿದವನ ಮಾತನ್ನು ಅವರು ನಡೆಸಿದರು.

ಕಬ್ಬಿನ ಆಲೆ, ಎಣ್ಣೆಯ ಗಾಣ, ಕೂರಿಗೆ, ಕುಂಟೆ, ಕಾಲುವೆಯ ತೂಬು, ಬೆಟ್ಟದ ಗಿಡಮೂಲಿಕೆ ಇವುಗಳಿಗೆ ಸಂಬಂಧಿಸ��ದ ಪದಗಳು ಸಂಡೂರಿನ ಕಣಿವೆಯಲ್ಲಿಯೂ ಕಂಪ್ಲಿಯ ಗದ್ದೆಬಯಲಿನಲ್ಲಿಯೂ ಎಷ್ಟಿದ್ದವೋ! ಕೆಲಸ ಬದಲಾದಂತೆ ಪದಗಳೂ ಹೋಗುತ್ತವೆ. ರೀವ್ ಅವರಾಗಲಿ ಕಿಟ್ಟೆಲ್ ಅವರಾಗಲಿ ಎಲ್ಲವನ್ನೂ ಹಿಡಿಯುವುದು ಸಾಧ್ಯವಿರಲಿಲ್ಲ. ಅವರ ಕಣ್ಣಿಗೆ ಬೀಳದೆ ಉಳಿದ ಪದಗಳಿಗೆ ಟೀಕಾಪ್ರತಿಗಳು ಒಂದು ಆಶ್ರಯ. ಆ ಪ್ರತಿಯೂ ಹೋದರೆ ಪದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ.

ಆದ್ದರಿಂದ ಸಂಗ್ರಾಹಕರಲ್ಲಿಯೂ ಸೂಚೀಕಾರರಲ್ಲಿಯೂ ಕೆಲವು ವಿಜ್ಞಾಪನೆಗಳಿವೆ. ಸಟೀಕ ಕೋಶದ ಪ್ರತಿ ದೊರೆತಾಗ ಅದನ್ನು ಮೂಲದ ಹೆಸರಿನಲ್ಲಿ ಮಾತ್ರ ದಾಖಲಿಸದೆ, ಟೀಕೆಯನ್ನು ಪ್ರತ್ಯೇಕ ಕೃತಿಯೆಂದು ಎಣಿಸಿ ದಾಖಲಿಸಬೇಕು. ಪುಷ್ಪಿಕೆಯಲ್ಲಿ ಲಿಪಿಕಾರನ ಹೆಸರು, ಊರು, ಸಂವತ್ಸರಗಳಿದ್ದರೆ ಪೂರ್ಣವಾಗಿ ಬರೆದುಕೊಳ್ಳಬೇಕು; ಇಲ್ಲದಿದ್ದರೆ ಪ್ರತಿ ದೊರೆತ ಊರನ್ನಾದರೂ ತಪ್ಪದೆ ನಮೂದಿಸಬೇಕು. ವನೌಷಧಿ, ವೈಶ್ಯ, ಶೂದ್ರವರ್ಗಗಳ ಟೀಕೆಯಲ್ಲಿ ಬೇಸಾಯದ, ಕಸುಬಿನ, ಗಿಡಮರಗಳ ಪದಗಳು ಹೆಚ್ಚಾಗಿರುವುದರಿಂದ ಇಡೀ ಪ್ರತಿಯನ್ನು ಲಿಪ್ಯಂತರ ಮಾಡಲು ಅವಕಾಶವಿಲ್ಲದಾಗ ಆ ಭಾಗಗಳನ್ನಾದರೂ ಮೊದಲು ಬರೆದುಕೊಳ್ಳಬೇಕು. ಅಪೂರ್ಣವೆಂಬ ಕಾರಣಕ್ಕೆ ಯಾವ ಪ್ರತಿಯನ್ನೂ ಬಿಡಬಾರದು. ‘ರನ್ನಕಂದ’ವು ಅಪೂರ್ಣವಾಗಿಯೇ ನಮಗೆ ಬಂದುದು, ಹಾಗೆಂದು ಅದನ್ನು ಬಿಟ್ಟಿದ್ದರೆ ಕನ್ನಡ ನಿಘಂಟಿನ ಇತಿಹಾಸಕ್ಕೆ ಮೊದಲೇ ಇರುತ್ತಿರಲಿಲ್ಲ.

ಹಂಪೆಯಲ್ಲಿ ೧೯೯೧ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ಹಸ್ತಪ್ರತಿಗಳ ಅಧ್ಯಯನಕ್ಕೆ ವಿಶೇಷ ಗಮನವನ್ನು ಕೊಟ್ಟಿದೆ. ೨೦೨೧ರಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಯ ಕೇಂದ್ರವಾಗಿ, ಕಂಪ್ಲಿ ಸಂಡೂರುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಆಡಳಿತದ ಗಡಿಗಳು ಬದಲಾದರೂ ಇರುಗಪ್ಪನ ಬಸದಿಯಿಂದ ರೀವ್ ಅವರ ಬಳ್ಳಾರಿಯವರೆಗಿನ ಸೀಮೆಯು ಕನ್ನಡ ಕೋಶದ ಇತಿಹಾಸಕ್ಕೆ ಒಂದೇ ಕ್ಷೇತ್ರ. ಈ ಸೀಮೆಯ ಮನೆಗಳಲ್ಲಿ, ಬಸದಿಗಳಲ್ಲಿ, ಮಠಗಳಲ್ಲಿ ಅಮರದ ಅಥವಾ ಬೇರಾವ ನಿಘಂಟಿನ ಓಲೆಗಳಿದ್ದರೂ, ನಾಲ್ಕೇ ಗರಿಗಳಿದ್ದರೂ, ವಾಚಕರು ದಯವಿಟ್ಟು ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ. ಪ್ರತಿಯನ್ನು ಕೊಡಬೇಕಾಗಿಲ್ಲ; ನೋಡಿ ಬರೆದುಕೊಳ್ಳಲು ಒಂದು ದಿನದ ಅವಕಾಶ ಸಾಕು. ಈ ಬಾರಿ ಬಸ್ಸಿನ ಹೊತ್ತನ್ನು ನೋಡುವುದಿಲ್ಲ.